ಎರಡು ದ್ವೀಪಗಳು, ಒಂದು ಯಾತ್ರೆ

ಗೃಹಸ್ಥರಿಗೆ ದೂರದ ಪ್ರವಾಸವೆಂಬುದು ಮದುವೆ ಮುಂಜಿಗಳಂತೆಯೇ ಬಹುಕಾಲ ಆಲೋಚಿಸಿ ಕೈಗೊಳ್ಳತಕ್ಕ ಕಾರ್ಯ. ನಾಲ್ಕಾರು ವರ್ಷ ಕೂಡಿಟ್ಟ ಹಣವು ಎಂಟು ದಿನಗಳಲ್ಲಿ ವೆಚ್ಚವಾಗುವುದು. ಮಕ್ಕಳ ರಜೆ, ಹಿರಿಯರ ಆರೋಗ್ಯ, ಕಛೇರಿಯ ಅನುಮತಿ, ಈ ಮೂರೂ ಒಂದೇ ವೇಳೆಗೆ ಕೂಡಿಬರುವುದು ಅಪರೂಪ. ಹೀಗಿರುವಾಗ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಚಿತ್ರಪಟಗಳ ಅಂದವನ್ನು ನೋಡಿ ತೀರ್ಮಾನಿಸಲಾಗದು. ಕಳೆದ ಬೇಸಗೆಗೆ ಮುಂಚೆ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿತು. ಒಂದು ಕಡೆ ಅಂಡಮಾನ್, ಇನ್ನೊಂದು ಕಡೆ ಲಕ್ಷದ್ವೀಪ. ಎರಡೂ ನಮ್ಮ ದೇಶದವೇ, ಎರಡೂ ನಡುಗಡಲಿನವೇ. ದೂರದಿಂದ ಕೇಳಿದವರಿಗೆ ಎರಡೂ ಒಂದೇ. ಆದರೆ ವಿಚಾರಿಸುತ್ತ ಹೋದಂತೆ ಅವುಗಳ ಹುಟ್ಟು, ಚರಿತ್ರೆ, ಹಾದಿ, ಜನ ಎಲ್ಲವೂ ಬೇರೆ ಬೇರೆ ಎಂಬುದು ತಿಳಿದುಬಂದಿತು. ನಾವು ಹೇಗೆ ಆರಿಸಿದೆವು, ಆರಿಸಿ ಏನನ್ನು ಪಡೆದೆವು, ಏನನ್ನು ಬಿಟ್ಟೆವು ಎಂಬುದನ್ನು ಇಲ್ಲಿ ನಿವೇದಿಸುವೆವು. ಇಂತಹದೇ ಗೊಂದಲದಲ್ಲಿರುವ ವಾಚಕರಿಗೆ ಇದರಿಂದ ಸ್ವಲ್ಪ ಉಪಯೋಗವಾದೀತು.

ಮನೆಯ ಸಭೆ

ನಮ್ಮದು ಮಂಗಳೂರು. ಮನೆಯಲ್ಲಿ ಆರು ಮಂದಿ: ನಮ್ಮ ತಂದೆತಾಯಿಗಳು, ನಾವು ದಂಪತಿಗಳು, ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಸಭೆ ಸೇರಿತು. ಮಗಳು ಪಾಠಪುಸ್ತಕದಲ್ಲಿ ಓದಿದ ಸೆಲ್ಯುಲರ್ ಜೈಲನ್ನು ನೋಡಬೇಕೆಂದಳು. ಮಗನಿಗೆ ಬೆಂಕಿಯುಗುಳುವ ಪರ್ವತ ಬೇಕಾಗಿದ್ದಿತು. ನಮ್ಮ ಮನೆಯವರು ವಿಮಾನದಲ್ಲಿ ಹೋಗಿ ವಿಮಾನದಲ್ಲಿ ಬರುವ ಸೌಕರ್ಯವನ್ನು ಎತ್ತಿ ಹೇಳಿದರು. ನಮ್ಮ ತಾಯಿಯವರು ಎಲ್ಲಿಯಾದರೂ ಸರಿ, ಆಸ್ಪತ್ರೆ ಹತ್ತಿರವಿರಲಿ ಎಂದರು. ನಮ್ಮ ಮತವೂ ಅಂಡಮಾನಿನ ಕಡೆಗೇ ಇದ್ದಿತು.

ತಂದೆಯವರು ಕನ್ನಡಕವನ್ನು ಒರೆಸುತ್ತ ಸುಮ್ಮನೆ ಕುಳಿತಿದ್ದರು. ಅವರಿಗೆ ಈಗ ಎಪ್ಪತ್ತೆಂಟು ವರ್ಷ. "ನಿಮ್ಮ ಅಭಿಪ್ರಾಯವೇನಪ್ಪಾ?" ಎಂದು ನಾವು ಕೇಳಿದಾಗ, "ಐದು ಮಂದಿಯ ಮಾತು ಒಂದಾದ ಮೇಲೆ ನನ್ನದೇನು? ಅಮಿನಿಯನ್ನು ಒಮ್ಮೆ ನೋಡಬೇಕೆಂದಿತ್ತು. ಇರಲಿ, ಅಂಡಮಾನೇ ಆಗಲಿ" ಎಂದರು.

ಅಮಿನಿ ಎಂಬ ಹೆಸರನ್ನು ಮಕ್ಕಳು ಕೇಳಿಯೇ ಇರಲಿಲ್ಲ. ಆ ರಾತ್ರಿ ಅವರು ಹೇಳಿದ ಕಥೆಯನ್ನು ನಾವು ಸಹ ಅಷ್ಟು ವಿವರವಾಗಿ ಹಿಂದೆ ಕೇಳಿರಲಿಲ್ಲ. ನಮ್ಮ ಅಜ್ಜನವರಿಗೆ ಬಂದರಿನಲ್ಲಿ ಅಕ್ಕಿಯ ಅಂಗಡಿ ಇದ್ದಿತು. ಮಳೆಗಾಲ ಕಳೆದು ಕಡಲು ಶಾಂತವಾದೊಡನೆ ದ್ವೀಪದವರ ಹಾಯಿಯ ಓಡಗಳು ಬರುತ್ತಿದ್ದುವು. ಅವುಗಳ ತುಂಬ ತೆಂಗಿನ ನಾರಿನ ಹುರಿ, ಕೊಬ್ಬರಿ, ತೆಂಗಿನ ಬೆಲ್ಲ. ಹಿಂದಿರುಗುವಾಗ ಅಕ್ಕಿಯ ಮೂಟೆ, ಉಪ್ಪು, ಬಟ್ಟೆ. ಏಳೆಂಟು ವರ್ಷದ ಹುಡುಗನಾಗಿದ್ದ ತಂದೆಯವರು ಅಂಗಡಿಯ ಜಗಲಿಯ ಮೇಲೆ ಕುಳಿತು ಮೂಟೆಗಳನ್ನು ಎಣಿಸುತ್ತಿದ್ದರು. ಅಮಿನಿಯ ಓಡದ ಒಬ್ಬ ಮುದುಕ ಬಂದಾಗಲೆಲ್ಲ ಅವರ ಅಂಗೈಯಲ್ಲಿ ಕಪ್ಪನೆಯ ಬೆಲ್ಲದ ತುಂಡೊಂದನ್ನು ಇಟ್ಟು, "ನಮ್ಮೂರಿಗೆ ಬಾ, ಬೇಕಾದಷ್ಟು ಕೊಡುತ್ತೇನೆ" ಎನ್ನುತ್ತಿದ್ದನಂತೆ. "ಬರುತ್ತೇನೆ ಅಂದಿದ್ದೆ" ಎಂದು ಹೇಳಿ ತಂದೆಯವರು ಮಲಗಲು ಹೋದರು.

ನಮ್ಮ ಜಿಲ್ಲೆಯಾಗಿದ್ದ ದ್ವೀಪಗಳು

ಲಕ್ಷದ್ವೀಪಕ್ಕೂ ಮಂಗಳೂರಿಗೂ ಇರುವ ನಂಟು ಕೇವಲ ವ್ಯಾಪಾರದ್ದಲ್ಲ. ಈ ದ್ವೀಪಗಳು ಬಹುಕಾಲ ಕಣ್ಣಾನೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದುವು. ಆ ಆಡಳಿತವನ್ನು ಸಹಿಸಲಾರದೆ ಉತ್ತರದ ಅಮಿನಿ ಗುಂಪಿನವರು ೧೭೮೭ರಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಹೀಗೆ ಮೈಸೂರಿಗೆ ಸೇರಿದುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷ್ ಕಂಪೆನಿಯ ಕೈಸೇರಿ, ಮಂಗಳೂರಿನಿಂದಲೇ ಆಳಲ್ಪಡತೊಡಗಿದುವು. ನಾರಿನ ವ್ಯಾಪಾರವನ್ನು ಸರಕಾರವು ತನ್ನ ಸ್ವಂತ ಹಕ್ಕನ್ನಾಗಿ ಮಾಡಿಕೊಂಡಿದ್ದಿತು. ದ್ವೀಪದವರು ಹುರಿಯನ್ನು ಅದಕ್ಕೇ ಒಪ್ಪಿಸಿ ಅಕ್ಕಿಯನ್ನು ಪಡೆಯಬೇಕಾಗಿದ್ದಿತು. ಅಕ್ಕಿ ಬೆಳೆಯದ ನೆಲದವರಿಗೆ ಮಂಗಳೂರಿನ ಬಂದರೇ ಕಣಜ.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಈ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು, ಮಲಬಾರಿಗೆ ಸೇರಿದ್ದ ಉಳಿದ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದುವು. ಲಕ್ಷದ್ವೀಪವೆಂಬ ಹೆಸರು ಬಂದುದು ೧೯೭೩ರಲ್ಲಿ. ಜನರು ಮುಸಲ್ಮಾನರು. ಮಾತು ಮಲೆಯಾಳದ ಒಂದು ಬಗೆ. ದಕ್ಷಿಣದ ಮಿನಿಕಾಯಿಯಲ್ಲಿ ಮಾತ್ರ ಮಾಲ್ಡೀವ್ಸ್ ದ್ವೀಪಗಳ ನುಡಿ. ಆಸ್ತಿಯು ತಾಯಿಯ ಕಡೆಯಿಂದ ಇಳಿದುಬರುವ ಪದ್ಧತಿ ಅಲ್ಲಿ ಇಂದಿಗೂ ಉಂಟು. ಅಳಿಯಸಂತಾನದ ಕಟ್ಟನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದು ಹೊಸದೆನಿಸದು.

ಹವಳ ಕಟ್ಟಿದ ನೆಲ

ಲಕ್ಷದ್ವೀಪದ ನೆಲವು ಮಣ್ಣುಕಲ್ಲುಗಳದಲ್ಲ, ಹವಳದ್ದು. ಕಡಲಿನಿಂದ ಎದ್ದ ಬೆಂಕಿಯ ಪರ್ವತವು ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕುಸಿಯುತ್ತ ಹೋದಂತೆ, ಅದರ ಅಂಚಿನಲ್ಲಿ ಬೆಳೆದ ಹವಳದ ಹುಳುಗಳು ಬೆಳಕಿಗಾಗಿ ಮೇಲಮೇಲಕ್ಕೆ ಗೂಡು ಕಟ್ಟುತ್ತ ಬರುವುವು. ಪರ್ವತ ಮುಳುಗಿದ ಮೇಲೆ ಉಂಗುರದಂತಹ ಹವಳದ ದಿಬ್ಬ ಮಾತ್ರ ಉಳಿಯುವುದು. ಚಾರ್ಲ್ಸ್ ಡಾರ್ವಿನನು ೧೮೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ದ್ವೀಪಗಳ ಹುಟ್ಟನ್ನು ಹೀಗೆ ವಿವರಿಸಿದನು. ಉಂಗುರದ ಹೊರಗೆ ಅಬ್ಬರಿಸುವ ಮಹಾಸಾಗರ, ಒಳಗೆ ಕೊಳದಂತೆ ನಿಂತ ತಿಳಿನೀರು. ಈ ಒಳನೀರನ್ನು ನಾವು ಒಳಗಡಲು ಎನ್ನೋಣ. ಲಕ್ಷದ್ವೀಪದ ನೆಲವೆಲ್ಲ ಸೇರಿದರೂ ೩೨ ಚದರ ಕಿಲೋಮೀಟರು. ಒಳಗಡಲುಗಳಾದರೋ ಸುಮಾರು ೪,೨೦೦ ಚದರ ಕಿಲೋಮೀಟರು. ಜನವಸತಿಯುಳ್ಳ ದ್ವೀಪಗಳು ಹತ್ತೇ. ೨೦೧೧ರ ಜನಗಣತಿಯಂತೆ ಜನಸಂಖ್ಯೆ ೬೪ ಸಾವಿರಕ್ಕೆ ಸ್ವಲ್ಪ ಹೆಚ್ಚು.

ಆದುದರಿಂದ ಅಲ್ಲಿ ನೋಡತಕ್ಕದ್ದು ನೀರು, ಹವಳ, ಮೀನು, ತೆಂಗು. ಬೆಟ್ಟವಿಲ್ಲ, ಹೊಳೆಯಿಲ್ಲ, ಕಾಡಿಲ್ಲ. ನೆಲವು ಕಡಲಿನಿಂದ ಕೆಲವೇ ಅಡಿಗಳಷ್ಟು ಎತ್ತರ. ಮಳೆಯ ಸಿಹಿನೀರು ಹವಳದ ಮರಳಿನೊಳಗಿಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುವುದು. ಬಾವಿಯಲ್ಲಿ ಹೆಚ್ಚಾಗಿ ಸೇದಿದರೆ ಉಪ್ಪು ಮೇಲೆ ಬರುವುದು. ಇದಕ್ಕಾಗಿಯೇ ೨೦೦೫ರಲ್ಲಿ ಕವರತ್ತಿಯಲ್ಲಿ ಕಡಲಿನ ನೀರನ್ನು ಸಿಹಿಗೊಳಿಸುವ ಯಂತ್ರವನ್ನು ಸ್ಥಾಪಿಸಿದರು. ಅದು ದಿನಕ್ಕೆ ಒಂದು ಲಕ್ಷ ಲೀಟರು ನೀರನ್ನು ಕೊಡುವಂತಹದು. ಅತಿಥಿಯಾಗಿ ಹೋಗುವವನು ತಾನು ಸುರಿದ ಪ್ರತಿ ಚೆಂಬು ನೀರಿನ ಬೆಲೆಯನ್ನು ತಿಳಿದಿರಬೇಕು.

ಕರಿನೀರಿನ ನಾಡು

ಅಂಡಮಾನಿನ ಸ್ವರೂಪವೇ ಬೇರೆ. ಅದು ಕಡಲಿನೊಳಗೆ ಮುಳುಗಿದ ಪರ್ವತಶ್ರೇಣಿಯ ಶಿಖರಗಳ ಸಾಲು. ನಿಕೋಬಾರನ್ನೂ ಸೇರಿಸಿದರೆ ವಿಸ್ತೀರ್ಣ ೮,೨೪೯ ಚದರ ಕಿಲೋಮೀಟರು. ನಡುಗಡ್ಡೆ, ಬಂಡೆಗಳನ್ನೆಲ್ಲ ಎಣಿಸಿದರೆ ಎಂಟುನೂರಕ್ಕೂ ಮಿಕ್ಕಿ. ಜನರಿರುವುವು ನಲವತ್ತಕ್ಕೂ ಕಡಿಮೆ. ನೆಲದ ನೂರಕ್ಕೆ ಎಂಬತ್ತು ಪಾಲು ದಟ್ಟವಾದ ಕಾಡು. ಬ್ಯಾರನ್ ದ್ವೀಪದಲ್ಲಿ ನಮ್ಮ ದೇಶದ ಏಕಮಾತ್ರ ಜೀವಂತ ಅಗ್ನಿಪರ್ವತವುಂಟು. ನಮ್ಮ ಮಗನ ಆಸೆ ಅದೇ. ಆದರೆ ಅಲ್ಲಿ ಇಳಿಯಲು ಪ್ರವಾಸಿಗಳಿಗೆ ಅವಕಾಶವಿಲ್ಲ, ಹಡಗಿನಿಂದಲೇ ನೋಡಬೇಕು ಎಂದು ತಿಳಿದಾಗ ಅವನ ಉತ್ಸಾಹ ಅರ್ಧಕ್ಕಿಳಿಯಿತು.

ನಮ್ಮ ಹಿರಿಯರ ಬಾಯಲ್ಲಿ ಅಂಡಮಾನೆಂದರೆ ಕರಿನೀರು. ೧೮೫೭ರ ದಂಗೆಯ ತರುವಾಯ, ೧೮೫೮ರ ಮಾರ್ಚಿಯಲ್ಲಿ, ಮೊದಲ ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ೧೮೯೬ರಿಂದ ೧೯೦೬ರ ವರೆಗೆ ಸೆಲ್ಯುಲರ್ ಜೈಲನ್ನು ಕಟ್ಟಿದರು. ನಡುವೆ ಒಂದು ಗೋಪುರ. ಅದರಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳು. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೆ ಎದುರಾಗಿರುವುದರಿಂದ ಕೈದಿಯು ಇನ್ನೊಬ್ಬನ ಮುಖವನ್ನು ಕಾಣುವಂತಿರಲಿಲ್ಲ. ಎತ್ತಿನಂತೆ ಗಾಣಕ್ಕೆ ಕಟ್ಟಿ ಕೊಬ್ಬರಿಯೆಣ್ಣೆಯನ್ನು ತೆಗೆಸುವುದು, ತೆಂಗಿನ ಸಿಪ್ಪೆಯನ್ನು ಬಡಿದು ನಾರು ಬಿಡಿಸುವುದು ಅಲ್ಲಿಯ ಶಿಕ್ಷೆಗಳು. ಒಂದು ದ್ವೀಪದಲ್ಲಿ ಜೀವನೋಪಾಯವಾದ ಕೆಲಸವೇ ಇನ್ನೊಂದರಲ್ಲಿ ಚಿತ್ರಹಿಂಸೆಯಾಗಿದ್ದಿತೆಂಬುದು ನಮ್ಮ ಮಗಳ ಮನಸ್ಸಿಗೆ ಬಹಳ ನಾಟಿತು. ಸಾವರ್ಕರ್ ಸಹೋದರರು, ಬಾರೀಂದ್ರಕುಮಾರ ಘೋಷ್, ಬಟುಕೇಶ್ವರ ದತ್ತ ಮುಂತಾದವರು ಅಲ್ಲಿ ಸೆರೆಯಲ್ಲಿದ್ದರು. ೧೯೩೩ರ ಉಪವಾಸದಲ್ಲಿ ಮಹಾವೀರ ಸಿಂಗ್ ಮೊದಲಾದ ಮೂವರು ಪ್ರಾಣಬಿಟ್ಟರು. ಏಳು ಸಾಲುಗಳಲ್ಲಿ ಮೂರು ಈಗ ಉಳಿದಿವೆ. ೧೯೭೯ರಲ್ಲಿ ಆ ಕಟ್ಟಡವು ರಾಷ್ಟ್ರೀಯ ಸ್ಮಾರಕವಾಯಿತು. ಪೋರ್ಟ್ ಬ್ಲೇರ್ ಪಟ್ಟಣಕ್ಕೆ ೨೦೨೪ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿರುವರು.

ಶಿಕ್ಷೆ ಮುಗಿಸಿ ಅಲ್ಲಿಯೇ ನೆಲಸಿದವರ ಸಂತತಿ, ೧೯೨೧ರ ಬಂಡಾಯದ ಮೇಲೆ ಬಂದ ಮಲಬಾರಿನ ಮಾಪಿಳ್ಳೆಗಳು, ಬರ್ಮಾದ ಕರೆನ್ ಜನರು, ದೇಶವಿಭಜನೆಯ ತರುವಾಯ ಬಂದ ಪೂರ್ವಬಂಗಾಳದ ನಿರಾಶ್ರಿತರು, ತಮಿಳರು, ತೆಲುಗರು, ಎಲ್ಲರೂ ಹಿಂದಿಯಲ್ಲಿ ಮಾತಾಡಿಕೊಂಡು ಒಂದು ನಾಡನ್ನು ಕಟ್ಟಿರುವರು. ಇವರೆಲ್ಲರಿಗಿಂತ ಮೊದಲಿನವರು ಕಾಡಿನ ಮೂಲನಿವಾಸಿಗಳು. ೧೯೫೬ರ ರಕ್ಷಣಾ ನಿಬಂಧನೆಯಂತೆ ಅವರ ಪ್ರದೇಶವನ್ನು ಪ್ರವೇಶಿಸುವುದು ನಿಷಿದ್ಧ. ಜರವ ಜನರನ್ನು ಮೃಗಾಲಯದ ಪ್ರಾಣಿಗಳಂತೆ ನೋಡುವ ಆಸೆಯಿಂದ ಆ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರು ಉಂಟೆಂದು ಕೇಳಿದ್ದೇವೆ. ಸಂಸಾರವಂದಿಗರು ಮಕ್ಕಳೆದುರಿಗೆ ಹಾಗೆ ಮಾಡತಕ್ಕದ್ದಲ್ಲ.

ತಕ್ಕಡಿಯಲ್ಲಿಟ್ಟಾಗ

ನಾವು ಒಂದು ಕಾಗದದ ನಡುವೆ ಗೆರೆಯೆಳೆದು ಎರಡರ ಗುಣದೋಷಗಳನ್ನು ಬರೆಯತೊಡಗಿದೆವು.

ಮೊದಲನೆಯದು ಹಾದಿ. ಚೆನ್ನೈಯಿಂದ ಅಂಡಮಾನು ಸುಮಾರು ೧,೩೫೦ ಕಿಲೋಮೀಟರು. ವಿಮಾನದಲ್ಲಿ ಎರಡು ಗಂಟೆಗಳ ಮೇಲೆ ಸ್ವಲ್ಪ. ಹಡಗಿನಲ್ಲಾದರೆ ಮೂರು ದಿನಗಳು. ಲಕ್ಷದ್ವೀಪವು ಕೊಚ್ಚಿಯಿಂದ ೨೨೦ರಿಂದ ೪೪೦ ಕಿಲೋಮೀಟರು. ಹಡಗಿಗೆ ಒಂದು ರಾತ್ರಿಯ ಪ್ರಯಾಣ. ವಿಮಾನವು ಅಗತ್ತಿಯೊಂದಕ್ಕೇ ಹೋಗುವುದು. ಅಲ್ಲಿಂದ ಉಳಿದ ದ್ವೀಪಗಳಿಗೆ ಮತ್ತೆ ದೋಣಿಯೇ ಗತಿ.

ಎರಡನೆಯದು ಅನುಮತಿ. ಅಂಡಮಾನಿನ ಮುಖ್ಯ ಸ್ಥಳಗಳಿಗೆ ನಮ್ಮ ದೇಶದವರಿಗೆ ರಹದಾರಿ ಬೇಕಿಲ್ಲ. ಲಕ್ಷದ್ವೀಪಕ್ಕೆ ಬೇಕು. ನಮ್ಮ ಠಾಣೆಯ ಪೋಲೀಸರ ಪತ್ರ, ಭಾವಚಿತ್ರ, ಅರ್ಜಿ ಮುಂತಾದುವೆಲ್ಲ ಮುಂಚಿತವಾಗಿಯೇ ಸಿದ್ಧವಾಗಬೇಕು. ಪ್ರವಾಸಿಗಳು ಸಾಮಾನ್ಯವಾಗಿ ಹೋಗಬಹುದಾದುದು ಕವರತ್ತಿ, ಅಗತ್ತಿ, ಬಂಗಾರಂ, ಕಡಮತ್, ಕಲ್ಪೇನಿ, ಮಿನಿಕಾಯಿ ಮೊದಲಾದ ಕೆಲವೇ ದ್ವೀಪಗಳಿಗೆ. ಅಮಿನಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದರೆ ಅದರ ಬಗಲಿನಲ್ಲಿಯೇ ಇರುವ, ಅದೇ ಐದರ ಗುಂಪಿನ ಕಡಮತ್ ಇದ್ದಿತು.

ಮೂರನೆಯದು ಋತು. ಲಕ್ಷದ್ವೀಪಕ್ಕೆ ಅಕ್ಟೋಬರಿನಿಂದ ಮೇ ತಿಂಗಳ ನಡುವಿನ ವರೆಗೆ ಸಕಾಲ. ಮುಂಗಾರಿನಲ್ಲಿ ಕಡಲು ಬಾಗಿಲು ಹಾಕಿಕೊಳ್ಳುವುದು. ಅಂಡಮಾನಿಗೆ ಎರಡು ಮಳೆಗಾಲಗಳೂ ತಾಗುವುದರಿಂದ ಜನವರಿಯಿಂದ ಏಪ್ರಿಲಿನ ವರೆಗೆ ಹಿತ. ಇನ್ನೊಂದು ವಿಶೇಷವನ್ನು ಹೊಸಬರು ತಿಳಿದಿರುವುದು ಒಳ್ಳೆಯದು. ಗಡಿಯಾರ ಎರಡೂ ಕಡೆ ಒಂದೇ ಆದರೂ ಸೂರ್ಯನು ಒಂದೇ ಅಲ್ಲ. ಅಂಡಮಾನಿನಲ್ಲಿ ಬೆಳಗ್ಗೆ ಐದಕ್ಕೇ ಬೆಳಕು, ಸಂಜೆ ಐದೂವರೆಗೆ ಕತ್ತಲು. ಲಕ್ಷದ್ವೀಪದಲ್ಲಿ ಏಳು ಗಂಟೆ ಸಮೀಪಿಸುವ ವರೆಗೂ ಬೆಳಕಿರುವುದು.

ನಾಲ್ಕನೆಯದು ಊಟ, ಔಷಧ. ಅಂಡಮಾನಿನ ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆಯೂ, ಎಲ್ಲ ಬಗೆಯ ಊಟದ ಮನೆಗಳೂ ಉಂಟು. ಲಕ್ಷದ್ವೀಪದ ಸಣ್ಣ ದ್ವೀಪದಲ್ಲಿ ಕಾಯಿಲೆ ಬಲವಾದರೆ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕು. ತರಕಾರಿಯೂ ಹಡಗಿನಲ್ಲಿಯೇ ಬರುವುದು. ಶಾಕಾಹಾರಿಗಳಾದ ನಮ್ಮ ತಾಯಿಯವರಿಗೆ ಅನ್ನ, ಸಾರು, ತೆಂಗಿನಕಾಯಿ ಇದ್ದರೆ ಸಾಕಾದುದರಿಂದ ಅದು ದೊಡ್ಡ ತೊಡಕಾಗಲಿಲ್ಲ.

ಐದನೆಯದೇ ಎಲ್ಲಕ್ಕಿಂತ ಕಠಿಣವಾದುದು. ಲಕ್ಷದ್ವೀಪದ ಹಲವೆಡೆಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು. ಹವಳದ ದಿಬ್ಬದ ಹೊರಗೆ ತೆರೆದ ಕಡಲಿನಲ್ಲಿ ನಿಲ್ಲುವುದು. ಪ್ರಯಾಣಿಕರು ಹಡಗಿನ ಮಗ್ಗುಲಿನ ಬಾಗಿಲಿನಿಂದ, ಏರುತ್ತ ಇಳಿಯುತ್ತಿರುವ ಸಣ್ಣ ದೋಣಿಗೆ ಕಾಲಿಡಬೇಕು. ತಂದೆಯವರ ಬಲಮೊಣಕಾಲು ಐದು ವರ್ಷಗಳಿಂದ ಸರಿಯಿಲ್ಲ. "ನಡುಗಡಲಲ್ಲಿ ಕಾಲು ಹಿಡಿದುಕೊಂಡರೆ ಯಾರನ್ನು ಕರೆಯುವುದು?" ಎಂದು ತಾಯಿಯವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಾಗದವನ್ನು ಮಡಿಸಿ ನೋಡಿದರೆ ಅಂಡಮಾನಿನ ಕಡೆಗೇ ತಕ್ಕಡಿ ಸ್ಪಷ್ಟವಾಗಿ ಬಾಗಿದ್ದಿತು.

ತೀರ್ಮಾನ

ಅದನ್ನು ತಿರುಗಿಸಿದವರು ನಮ್ಮ ಮನೆಯವರು. ಮರುದಿನ ಬೆಳಗ್ಗೆ ದೋಸೆ ಹುಯ್ಯುತ್ತ ಅವರು, "ಎಲ್ಲ ಬರೆದಿರಿ, ಒಂದನ್ನು ಬರೆಯಲಿಲ್ಲ. ಜೈಲು ಕಲ್ಲಿನದು, ಇನ್ನು ಹತ್ತು ವರ್ಷಕ್ಕೂ ಅಲ್ಲಿಯೇ ಇರುತ್ತದೆ. ಮಕ್ಕಳೂ ಹೋಗಬಲ್ಲರು. ಮಾವನವರ ಕಾಲು ಇನ್ನೆರಡು ವರ್ಷ ಇಷ್ಟಾದರೂ ಗಟ್ಟಿಯಾಗಿರುತ್ತದೆಂದು ಹೇಳುವವರು ಯಾರು?" ಎಂದರು.

ನಾವು ಆ ಕಾಗದವನ್ನು ಹರಿದುಹಾಕಿದೆವು. ಯಾವುದು ಹೆಚ್ಚು ಸುಂದರ, ಯಾವುದು ಹೆಚ್ಚು ಸುಲಭ ಎಂದು ಕೇಳುತ್ತಿದ್ದ ನಾವು, ಯಾವುದು ಕಾಯಲಾರದು ಎಂದು ಕೇಳಿರಲಿಲ್ಲ.

ಮನೆಯ ವೈದ್ಯರನ್ನು ಕಂಡೆವು. ಅವರು ತಂದೆಯವರನ್ನು ಪರೀಕ್ಷಿಸಿ, ಎರಡು ತಿಂಗಳು ಅಭ್ಯಾಸ ಮಾಡಿ ಬಂದರೆ ನೋಡೋಣ ಎಂದರು. ಅಂದಿನಿಂದ ತಂದೆಯವರು ದಿನಕ್ಕೆ ಎರಡು ಬಾರಿ ನಮ್ಮ ಮನೆಯ ಮೆಟ್ಟಿಲುಗಳನ್ನು ಏರಿ ಇಳಿಯತೊಡಗಿದರು. ಮೊಮ್ಮಗನು ಕೆಳಗೆ ನಿಂತು ಎಣಿಸುವನು. ಹತ್ತಕ್ಕೆ ನಿಂತರೆ "ಅಜ್ಜಾ, ಇನ್ನೂ ಎರಡು" ಎನ್ನುವನು. ಅಷ್ಟರಲ್ಲಿ ಅವನಿಗೆ ಅಗ್ನಿಪರ್ವತ ಮರೆತೇಹೋಗಿದ್ದಿತು. ಎರಡು ತಿಂಗಳ ಮೇಲೆ ವೈದ್ಯರು ಮೊಣಕಾಲಿಗೆ ಪಟ್ಟಿ ಬರೆದುಕೊಟ್ಟು ಒಪ್ಪಿಗೆಯಿತ್ತರು.

ಕಡಲು ದಾಟಿದುದು

ಏಪ್ರಿಲ್ ತಿಂಗಳಿನಲ್ಲಿ ರೈಲಿನಿಂದ ಕೊಚ್ಚಿಗೆ ಹೋಗಿ ಹಡಗು ಹತ್ತಿದೆವು. ದಡ ಕಾಣುತ್ತಿರುವವರೆಗೆ ಮಕ್ಕಳ ಕುಣಿದಾಟ; ಕತ್ತಲಾದ ಮೇಲೆ ನಮಗೂ ಮಗಳಿಗೂ ವಾಂತಿ. ನಿಂಬೆಹಣ್ಣು ಮೂಸುತ್ತ ರಾತ್ರಿ ಕಳೆದೆವು. ತಂದೆಯವರೊಬ್ಬರೇ ಸುಖವಾಗಿ ನಿದ್ರಿಸಿದರು.

ಮರುದಿನ ಕಡಮತ್ತಿನ ಹೊರಗೆ ಹಡಗು ನಿಂತಿತು. ಮಗ್ಗುಲಿನ ಬಾಗಿಲು ತೆರೆಯಿತು. ದೋಣಿ ಒಮ್ಮೆ ಬಾಗಿಲಿನ ಮಟ್ಟಕ್ಕೆ ಏರುವುದು, ಮರುಕ್ಷಣ ಆಳಕ್ಕೆ ಇಳಿಯುವುದು. ಇಬ್ಬರು ನಾವಿಕರು ತಂದೆಯವರ ರಟ್ಟೆಗಳನ್ನು ಹಿಡಿದರು. ಕೆಳಗೆ ಇನ್ನಿಬ್ಬರು ಕೈಚಾಚಿ ನಿಂತರು. "ದೋಣಿ ಮೇಲೆ ಬಂದಾಗ ನಾವು ಹೇಳುತ್ತೇವೆ, ಆಗ ಕಾಲಿಡಿ" ಎಂದರು. ಮೊದಲ ಬಾರಿ ಅವರು ಹಿಂಜರಿದರು. ಎರಡನೆಯ ಬಾರಿಯೂ ಹಿಂಜರಿದರು. ತಾಯಿಯವರು ಕಣ್ಣು ಮುಚ್ಚಿಕೊಂಡಿದ್ದರು. ಇವರನ್ನು ಕರೆತಂದುದೇ ತಪ್ಪಾಯಿತೆಂದು ನಮ್ಮ ಎದೆ ಡವಡವಿಸುತ್ತಿದ್ದಿತು. ಮೂರನೆಯ ಬಾರಿ ದೋಣಿ ಏರಿದಾಗ ಅವರು ಕಾಲೆತ್ತಿಟ್ಟರು. ಅಷ್ಟೇ. ದೋಣಿಯ ಹಲಗೆಯ ಮೇಲೆ ಕುಳಿತು, ಮೇಲೆ ನಿಂತಿದ್ದ ಮೊಮ್ಮಗನಿಗೆ "ಹನ್ನೆರಡಾಯಿತು" ಎಂದರು.

ಕಡಮತ್ ಸುಮಾರು ಒಂಬತ್ತು ಕಿಲೋಮೀಟರು ಉದ್ದ, ಅಗಲ ಅರ್ಧ ಕಿಲೋಮೀಟರಿನ ಆಸುಪಾಸು. ಎರಡು ಕಡಲುಗಳ ನಡುವೆ ಹಾಸಿದ ಬಿಳಿಯ ಪಂಚೆಯಂತಹ ನೆಲ. ಮಕ್ಕಳಿಗೆ ಒಳಗಡಲೇ ಆಟದ ಬಯಲಾಯಿತು. ಗಾಜಿನ ತಳದ ದೋಣಿಯಲ್ಲಿ ಕುಳಿತು ಹವಳವನ್ನು ನೋಡಿದೆವು. ಬಣ್ಣಬಣ್ಣದ ಮೀನುಗಳು ಅಸಂಖ್ಯಾತವಾಗಿದ್ದುವು. ಆದರೆ ಹವಳದ ಬಹುಭಾಗ ಬೂದುಬಣ್ಣದ್ದು, ನಡುನಡುವೆ ಮಾತ್ರ ಎಳೆಯ ಚಿಗುರು. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮವಾದ ಪಾಚಿಯೇ ಅದಕ್ಕೆ ಬಣ್ಣವನ್ನೂ ಅನ್ನವನ್ನೂ ಕೊಡುವುದು. ನೀರು ಬಹಳ ದಿನ ಬಿಸಿಯಾಗಿದ್ದರೆ ಹವಳವು ಆ ಪಾಚಿಯನ್ನು ಹೊರದೂಡಿ ಬಿಳಚಿಕೊಳ್ಳುವುದು. ತಂಪು ಬೇಗ ಬಾರದಿದ್ದರೆ ಸಾಯುವುದು. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬, ೨೦೨೪ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು. ತೆರೆಗಳನ್ನು ತಡೆದು ದ್ವೀಪವನ್ನು ಕಾಯುವ ಕೋಟೆಯೇ ಈ ಹವಳದ ದಿಬ್ಬ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ನಡುಗಡ್ಡೆಗಳಲ್ಲೊಂದು ಪೂರ್ಣವಾಗಿ ಕೊಚ್ಚಿಹೋಗಿರುವುದಾಗಿ ೨೦೧೭ರಲ್ಲಿ ವರದಿಯಾಗಿದ್ದಿತು.

ಇದನ್ನೆಲ್ಲ ಕೇಳಿದ ಮಗಳು ಗಾಜಿನಿಂದ ಮುಖವೆತ್ತದೆ, "ನಾನು ಅಮ್ಮನಷ್ಟು ದೊಡ್ಡವಳಾಗುವಾಗ ಇದು ಇರುತ್ತದೆಯೇ?" ಎಂದು ಕೇಳಿದಳು. ಕಾಯಲಾರದುದು ಅವಳ ಅಜ್ಜನ ಮೊಣಕಾಲೊಂದೇ ಅಲ್ಲವೆಂಬುದು ನಮಗೆ ಆಗ ಹೊಳೆಯಿತು.

ಬೆಲ್ಲದ ತುಂಡು

ಕಡಮತ್ತಿನ ದಕ್ಷಿಣದ ತುದಿಯಲ್ಲಿ ನಿಂತರೆ ನೀರಿನಾಚೆ ಅಮಿನಿಯ ತೆಂಗುಗಳು ಕಪ್ಪನೆಯ ಗೆರೆಯಂತೆ ತೋರುವುವು. ಮೂರು ಸಂಜೆಗಳೂ ತಂದೆಯವರು ಅಲ್ಲಿಯೇ ಕುಳಿತರು. ಎರಡನೆಯ ಸಂಜೆ ಊರಿನ ಒಬ್ಬ ವೃದ್ಧರು ಬಂದು ಪಕ್ಕದಲ್ಲಿ ಕುಳಿತರು. ತಂದೆಯವರಿಗೆ ಮಲೆಯಾಳ ಸ್ವಲ್ಪ ಬರುವುದು. ದ್ವೀಪದ ನುಡಿ ಅರ್ಧ ತಿಳಿಯಿತು, ಅರ್ಧ ಊಹೆಯಾಯಿತು. ಮಂಗಳೂರು ಎಂದೊಡನೆ ಆ ವೃದ್ಧರ ಮುಖವರಳಿತು. ಅವರ ತಂದೆಯೂ ಓಡದಲ್ಲಿ ಮಂಗಳೂರಿಗೆ ಬರುತ್ತಿದ್ದವರೇ. ಗಾಳಿ ತಪ್ಪಿದರೆ ವಾರಗಟ್ಟಲೆ ಕಡಲಲ್ಲಿ. ಓಡ ಬರುವವರೆಗೆ ಮನೆಯಲ್ಲಿ ಅಕ್ಕಿಯ ಮಡಕೆಯ ತಳ ಕಾಣುತ್ತಿದ್ದಿತು, ತಾಯಿ ದಿನವೂ ದಡಕ್ಕೆ ಬಂದು ನೋಡುತ್ತಿದ್ದಳು ಎಂದು ಅವರು ಹೇಳಿದರು. ಅಂಗಡಿಯ ಜಗಲಿಯಲ್ಲಿ ಕುಳಿತು ಮೂಟೆ ಎಣಿಸಿದ ತಂದೆಯವರಿಗೆ, ಆ ಮೂಟೆಗಳಿಗಾಗಿ ಕಾಯುತ್ತಿದ್ದವರ ಮಾತು ಎಪ್ಪತ್ತು ವರ್ಷಗಳ ಮೇಲೆ ತಲುಪಿದಂತಾಯಿತು.

ಮರುದಿನ ಆ ವೃದ್ಧರು ಎಲೆಯಲ್ಲಿ ಸುತ್ತಿ ತೆಂಗಿನ ಬೆಲ್ಲವನ್ನು ತಂದುಕೊಟ್ಟರು. ಎಲ್ಲರೂ ತಂದೆಯವರ ಮುಖವನ್ನೇ ನೋಡುತ್ತಿದ್ದೆವು. ಬಾಯಿಗೆ ಹಾಕಿಕೊಂಡು ಬಹಳ ಹೊತ್ತಿನ ಮೇಲೆ, "ಆ ರುಚಿಯೇ ಹೌದೋ ಅಲ್ಲವೋ ಹೇಳಲಾರೆ. ನಾಲಗೆಗೂ ವಯಸ್ಸಾಯಿತು. ಆದರೆ ಬಂದೆನಲ್ಲ" ಎಂದರು. ಉಳಿದುದನ್ನು ಮೊಮ್ಮಕ್ಕಳ ಅಂಗೈಗಳಲ್ಲಿಟ್ಟರು.

ಹೊರಡುವವರಿಗೆ ನಾಲ್ಕು ಮಾತು

ಹಿಂದಿರುಗುವ ಹಡಗು ಒಂದು ದಿನ ತಡವಾಯಿತು. ನಮ್ಮ ಮನ�ೆಯವರು ಔಷಧಗಳನ್ನು ಲೆಕ್ಕಕ್ಕಿಂತ ಒಂದು ವಾರಕ್ಕೆ ಹೆಚ್ಚಾಗಿ ಕಟ್ಟಿಟ್ಟಿದ್ದರಿಂದ ಯೋಚನೆಯಾಗಲಿಲ್ಲ. ದ್ವೀಪಕ್ಕೆ ಹೊರಡುವವರು ಯಾವ ದ್ವೀಪಕ್ಕೇ ಆಗಲಿ, ಹೀಗೆ ಮಾಡುವುದು ಲೇಸು. ಮರಳುವ ದಿನದ ಮರುದಿನವೇ ಮುಖ್ಯ ಕಾರ್ಯಗಳನ್ನು ಗೊತ್ತುಮಾಡಿಕೊಳ್ಳಬಾರದು. ಹಡಗಿನ ವೇಳೆ, ಅನುಮತಿಯ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಹಣ ಕಟ್ಟುವ ಮೊದಲು ಆಡಳಿತದ ಕಛೇರಿಯಲ್ಲಿಯೇ ವಿಚಾರಿಸಬೇಕು. ಹವಳದ ತುಂಡನ್ನು ನೆನಪಿಗೆಂದು ಕಿತ್ತು ತರುವುದು ಕಾನೂನಿನಂತೆ ಅಪರಾಧ. ಪ್ಲಾಸ್ಟಿಕ್ ಕಸವನ್ನು ಒಯ್ದ ಚೀಲದಲ್ಲಿಯೇ ಹಿಂದಕ್ಕೆ ತರಬೇಕು. ಅಷ್ಟು ಚಿಕ್ಕ ನೆಲದಲ್ಲಿ ಅದನ್ನು ಹೂಳಲು ಸ್ಥಳವಿಲ್ಲ. ನಮ್ಮದು ಪುಣ್ಯಕ್ಕೆ ಒಳಿತಾಯಿತು. ಆದರೆ ಮೊಣಕಾಲು, ಹೃದಯ ದುರ್ಬಲವಾಗಿರುವ ಹಿರಿಯರನ್ನು ವೈದ್ಯರ ಒಪ್ಪಿಗೆಯಿಲ್ಲದೆ ಅಂತಹ ದೋಣಿಗೆ ಇಳಿಸಬಾರದೆಂದು ಒತ್ತಿ ಹೇಳುವೆವು.

ಇನ್ನು ಎರಡರಲ್ಲಿ ಯಾವುದೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. ನಡೆದಾಡಿ ನೋಡಬೇಕು, ಮಕ್ಕಳಿಗೆ ದೇಶದ ಚರಿತ್ರೆಯನ್ನು ತೋರಿಸಬೇಕು, ಬೇಕೆಂದಾಗ ಪಟ್ಟಣದ ಸೌಕರ್ಯವೂ ಸಿಗಬೇಕು ಎನ್ನುವವರಿಗೆ ಅಂಡಮಾನು. ನೀರಿನೆದುರು ಸುಮ್ಮನೆ ಕುಳಿತಿರಬಲ್ಲವರಿಗೆ, ಕೊರತೆಗಳನ್ನು ಸಹಿಸಬಲ್ಲವರಿಗೆ ಲಕ್ಷದ್ವೀಪ. ಆದರೆ ಇದಕ್ಕೂ ಮುಂಚೆ ಮನೆಯಲ್ಲಿ ಸುಮ್ಮನೆ ಕುಳಿತಿರುವವರನ್ನು ಒಂದು ಮಾತು ಕೇಳಿನೋಡಿರಿ. ಎಲ್ಲರ ಆಸೆಗಳಿಗೂ ಸಮನಾದ ಕಾಲಾವಕಾಶವಿರುವುದಿಲ್ಲ.

ಅಂಡಮಾನನ್ನು ನಾವು ಬಿಟ್ಟುಬಿಟ್ಟೆವೆಂದಲ್ಲ. ಮಗಳು ಈಗಾಗಲೇ ಒಂದು ಡಬ್ಬಿಯಲ್ಲಿ ಹಣ ಕೂಡಿಡತೊಡಗಿರುವಳು. ಡಬ್ಬಿಯ ಮೇಲೆ ಆರು ಮಂದಿಯ ಹೆಸರುಗಳನ್ನೂ ಬರೆದು ಅಂಟಿಸಿರುವಳು. ತಂದೆಯವರು ಮೆಟ್ಟಿಲು ಹತ್ತಿಳಿಯುವುದನ್ನು ನಿಲ್ಲಿಸಿಲ್ಲ.